ಟಿಜಿಎಫ್-ಬೀಟಾ 1: ವಯಲ್‌ನಲ್ಲಿದ್ದದ್ದು ಜೀವಕೋಶಕ್ಕೆ ಎಷ್ಟು ತಲುಪುತ್ತದೆ?

"ಟಿಜಿಎಫ್-ಬೀಟಾ ಹಾಕಿ ಮೂರು ದಿನ ಆಯಿತು, ಸೆಲ್‌ಗಳು ಇದ್ದ ಹಾಗೇ ಇವೆ." ಮಣಿಪಾಲದಿಂದ ದೇರಳಕಟ್ಟೆ, ಕೊಣಾಜೆವರೆಗೆ, ಕ್ಯಾನ್ಸರ್ ಜೀವಕೋಶ ಬೆಳೆಸುವ ಯಾವ ಲ್ಯಾಬ್‌ಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಟಿಜಿಎಫ್-ಬೀಟಾ ಎಂದರೆ ಬೆಳೆಯಬೇಕೇ, ನಿಲ್ಲಬೇಕೇ, ಆಕಾರ ಬದಲಿಸಬೇಕೇ ಎಂದು ಜೀವಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನ್. ಅದು ಕೆಲಸ ಮಾಡದಿದ್ದರೆ ಅನುಮಾನ ಮೊದಲು ಹೋಗುವುದು ಸೆಲ್ ಲೈನ್ ಮೇಲೆ, ಆಮೇಲೆ ಆಂಟಿಬಾಡಿ ಮೇಲೆ. ಆದರೆ ಬಹಳ ಸಲ ಕೆಲಸ ಕೆಟ್ಟಿರುವುದು ಅದಕ್ಕೂ ಮೊದಲು, ವಯಲ್ ತೆರೆದು ಪುಡಿಯನ್ನು ಕರಗಿಸಿದ ಆ ಹತ್ತು ನಿಮಿಷದಲ್ಲಿ. ನೋಟ್‌ಬುಕ್ಕಿನಲ್ಲಿ ಎಂಎಲ್‌ಗೆ 5 ನ್ಯಾನೋಗ್ರಾಂ ಎಂದು ಬರೆದಿರುತ್ತದೆ. ಜೀವಕೋಶದ ಮೇಲೆ ಅಷ್ಟು ಪ್ರೋಟೀನ್ ಇರುವುದೇ ಇಲ್ಲ. ಉಳಿದದ್ದು ಟ್ಯೂಬಿನ ಗೋಡೆಗೋ ಪಿಪೆಟ್ ಟಿಪ್ಪಿಗೋ ಫಿಲ್ಟರಿಗೋ ಅಂಟಿ ಹೋಗಿರುತ್ತದೆ.

ಈ ಬರಹ ಆ ದಾರಿಯಲ್ಲಿ ಆಗುವ ನಷ್ಟದ ಬಗ್ಗೆ. ಎಂಎಸ್‌ಸಿ ಪ್ರಾಜೆಕ್ಟ್ ಮಾಡುವವರಿಗೂ ಪಿಎಚ್‌ಡಿ ಮೊದಲ ವರ್ಷದವರಿಗೂ ಉಪಯೋಗಕ್ಕೆ ಬರಲಿ ಎಂದು ಲೆಕ್ಕಗಳನ್ನು ಬಿಡಿಸಿಯೇ ಬರೆದಿದೆ.

ಮೊದಲು ಪ್ರೋಟೀನ್ ಯಾವ ಜಾತಿಯದು ಎಂದು ತಿಳಿದಿರಬೇಕು. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಅನಿತಾ ರಾಬರ್ಟ್ಸ್, ಮೈಕೆಲ್ ಸ್ಪೋರ್ನ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. 1983ರಲ್ಲಿ ಮನುಷ್ಯರ ರಕ್ತದ ಪ್ಲೇಟ್‌ಲೆಟ್‌ಗಳಿಂದ ಇದನ್ನು ಶುದ್ಧವಾಗಿ ಬೇರ್ಪಡಿಸಿದರು, 1985ರಲ್ಲಿ ಜೀನ್‌ನ ಸರಣಿ ಗೊತ್ತಾಯಿತು. ಜೀವಕೋಶ ಇದನ್ನು ಮೊದಲು 390 ಅಮೈನೋ ಆಮ್ಲಗಳ ಉದ್ದದ ಸರಪಳಿಯಾಗಿ ತಯಾರಿಸುತ್ತದೆ. ಫ್ಯೂರಿನ್ ಎಂಬ ಕಿಣ್ವ ಅದನ್ನು 278ರ ನಂತರ ಕತ್ತರಿಸುತ್ತದೆ. ಕೊನೆಯ 112 ಅಮೈನೋ ಆಮ್ಲಗಳೇ ನಮಗೆ ಬೇಕಾದ ಭಾಗ. ಇಂಥ ಎರಡು ತುಂಡುಗಳು ಒಂದು ಡೈಸಲ್ಫೈಡ್ ಬಂಧದಿಂದ ಜೋಡಿಯಾಗುತ್ತವೆ. ಪ್ರತಿ ತುಂಡಿನಲ್ಲಿ ಒಂಬತ್ತು ಸಿಸ್ಟೀನ್. ಎಂಟು ತಮ್ಮೊಳಗೇ ಗಂಟು ಹಾಕಿಕೊಳ್ಳುತ್ತವೆ, ಒಂಬತ್ತನೆಯದು ಪಕ್ಕದ ತುಂಡನ್ನು ಹಿಡಿಯುತ್ತದೆ. ಜೋಡಿಯ ತೂಕ 25 ಕಿಲೋಡಾಲ್ಟನ್. ಜೆಲ್‌ನಲ್ಲಿ ಡೈಸಲ್ಫೈಡ್ ಬಂಧ ಬಿಡಿಸುವ ಮರ್ಕ್ಯಾಪ್ಟೋಎಥನಾಲ್ ಹಾಕಿ ಓಡಿಸಿದರೆ 12.5ರಲ್ಲಿ ಪಟ್ಟಿ ಬರುತ್ತದೆ, ಹಾಕದಿದ್ದರೆ 25ರಲ್ಲಿ. ಎರಡೂ ಸರಿಯೇ. 12.5ರ ಪಟ್ಟಿ ಕಂಡು ಪ್ರೋಟೀನ್ ಒಡೆದಿದೆ ಎಂದು ಗಾಬರಿಯಾಗುವ ಅಗತ್ಯ ಇಲ್ಲ.

ಇಷ್ಟು ಡೈಸಲ್ಫೈಡ್ ಗಂಟುಗಳಿರುವುದರಿಂದಲೇ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇದನ್ನು ಸರಿಯಾಗಿ ಮಡಚಿಸುವುದು ಕಷ್ಟ. ಅದರಲ್ಲಿ ತಯಾರಿಸಿದರೆ ಬಿಚ್ಚಿ ಮತ್ತೆ ಮಡಚಬೇಕಾಗುತ್ತದೆ. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಸರಕು ಸಾಮಾನ್ಯವಾಗಿ ಚೈನೀಸ್ ಹ್ಯಾಮ್‌ಸ್ಟರ್‌ನ ಸಿಎಚ್‌ಒ ಜೀವಕೋಶಗಳಿಂದ ಇಲ್ಲವೇ ಮನುಷ್ಯರ ಎಚ್‌ಇಕೆ293 ಜೀವಕೋಶಗಳಿಂದ ಬಂದದ್ದು. ಆರ್ಡರ್ ಮಾಡುವ ಮೊದಲು ಡೇಟಾಶೀಟ್‌ನಲ್ಲಿ ಮೂಲ ಯಾವುದೆಂದು ಓದಿ. ಅದೇ ಹಾಳೆಯಲ್ಲಿ ಇನ್ನೊಂದು ಪದ ಹುಡುಕಿ: "ಲೇಟೆಂಟ್", ಅಂದರೆ ನಿಷ್ಕ್ರಿಯ ರೂಪ. ಕತ್ತರಿಸಿದ ನಂತರವೂ ಮುಂಭಾಗದ ತುಂಡು ಈ ಜೋಡಿಯನ್ನು ಅಪ್ಪಿ ಹಿಡಿದೇ ಇರುತ್ತದೆ. ಆ ಸ್ಥಿತಿಯಲ್ಲಿ ಅದು ಜೀವಕೋಶದ ಮೈಮೇಲೆ ಅದರ ಸಂದೇಶ ಹಿಡಿಯುವ ರಿಸೆಪ್ಟರಿಗೆ ಕೂರುವುದಿಲ್ಲ. ಕಂಪೆನಿಗಳು ಲೇಟೆಂಟ್ ರೂಪವನ್ನೂ ಬೇರೆ ಕ್ಯಾಟಲಾಗ್ ನಂಬರಿನಲ್ಲಿ ಮಾರುತ್ತವೆ. ಹೆಸರು ಹೆಚ್ಚುಕಡಿಮೆ ಒಂದೇ. ಮೂರು ಕೊಟೇಷನ್ ತರಿಸಿ ಕಡಿಮೆ ಬೆಲೆಯದ್ದಕ್ಕೆ ಸಹಿ ಬೀಳುವ ಕಡೆಗಳಲ್ಲಿ ಈ ಎರಡರ ನಡುವೆ ಅದಲುಬದಲಾಗುವುದು ಸುಲಭ. ಖರೀದಿ ಫಾರ್ಮಿನಲ್ಲಿ ಪ್ರೋಟೀನಿನ ಹೆಸರಿನ ಜೊತೆ "ಸಕ್ರಿಯ, 112 ಅಮೈನೋ ಆಮ್ಲಗಳ ಡೈಮರ್" ಎಂದು ಸ್ಪಷ್ಟವಾಗಿ ಸೇರಿಸಿ.

ಮನುಷ್ಯರದ್ದು ಇಲಿಯ ಜೀವಕೋಶಕ್ಕೆ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ. ಸಕ್ರಿಯ ಭಾಗದಲ್ಲಿ ಮನುಷ್ಯನಿಗೂ ಇಲಿಗೂ ವ್ಯತ್ಯಾಸ ಒಂದೇ ಅಮೈನೋ ಆಮ್ಲ. ದನದ್ದಕ್ಕೂ ಮನುಷ್ಯನದ್ದಕ್ಕೂ ಆ ವ್ಯತ್ಯಾಸವೂ ಇಲ್ಲ. ಇದು ಆಮೇಲೆ ಸೀರಮ್ ವಿಷಯಕ್ಕೆ ಬಂದಾಗ ತೊಂದರೆ ಕೊಡುತ್ತದೆ.

ಈಗ ಪಾರ್ಸೆಲ್. ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ನಿಂತರೆ ಬೆಂಗಳೂರಿನಿಂದ ಹೊರಟ ಡಬ್ಬಿ ಎರಡು ಮೂರು ದಿನ ತಡವಾಗುವುದುಂಟು. ಐಸ್ ಪ್ಯಾಕ್ ನೀರಾಗಿ ಬಂದಿರುತ್ತದೆ. ಒಣಪುಡಿ ರೂಪದ, ಅಂದರೆ ಲಯೋಫಿಲೈಸ್ ಮಾಡಿದ ಟಿಜಿಎಫ್-ಬೀಟಾ 1 ಅಷ್ಟಕ್ಕೆಲ್ಲ ಕೆಡುವ ವಸ್ತುವಲ್ಲ. ಎಷ್ಟೋ ಕಂಪೆನಿಗಳು ಇದನ್ನು ಕೋಣೆಯ ತಾಪಮಾನದಲ್ಲೇ ಕಳಿಸುತ್ತವೆ. ಅದರ ಜೊತೆ ಬಂದ ದ್ರವರೂಪದ ಕಿಣ್ವಗಳ ಬಗ್ಗೆ ಬೇಕಾದರೆ ಚಿಂತೆ ಮಾಡಿ. ಪುಡಿಯ ವಯಲ್ ಬಂದ ಕೂಡಲೇ ಮೈನಸ್ 20 ಅಥವಾ ಮೈನಸ್ 80ಕ್ಕೆ ಹೋಗಲಿ, ಲಾಟ್ ನಂಬರ್ ನೋಟ್‌ಬುಕ್ಕಿಗೆ ಹೋಗಲಿ. ಒಂದು ಥೀಸಿಸ್ ಅಧ್ಯಾಯಕ್ಕೆ ಬೇಕಾಗುವಷ್ಟನ್ನು ಒಂದೇ ಲಾಟ್‌ನಿಂದ ತರಿಸಿಕೊಳ್ಳುವುದು ಜಾಣತನ. ಲಾಟ್‌ನಿಂದ ಲಾಟ್‌ಗೆ ಚಟುವಟಿಕೆ ಬದಲಾಗುತ್ತದೆ.

ನಮ್ಮ ಹವೆಯಲ್ಲಿ ನಿಜವಾದ ಅಪಾಯ ಬೇರೆ ಕಡೆ ಇದೆ. ಫ್ರೀಜರಿನಿಂದ ತೆಗೆದ ವಯಲ್‌ನ ಮುಚ್ಚಳವನ್ನು ತಣ್ಣಗಿರುವಾಗಲೇ ತೆರೆದರೆ ಮಂಗಳೂರಿನ ಮಳೆಗಾಲದ ಗಾಳಿ ಒಳಗೆ ಹೋಗಿ ಅಲ್ಲೇ ನೀರಾಗುತ್ತದೆ. ಆ ತೇವ ಆಮ್ಲೀಯವಲ್ಲ, ಪ್ರಮಾಣವೂ ಗೊತ್ತಿಲ್ಲ. ಪುಡಿ ಅರೆಬರೆ ಒದ್ದೆಯಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ವಯಲ್‌ನ್ನು ಮುಚ್ಚಿದ ಹಾಗೇ ಒಂದು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಇಪ್ಪತ್ತರಿಂದ ಮೂವತ್ತು ನಿಮಿಷ ಮೇಜಿನ ಮೇಲೆ ಬಿಡಿ. ಹೊರಮೈಯಲ್ಲಿ ಬೆವರು ಕಟ್ಟುವುದು ನಿಂತಿದೆ ಎಂದಾದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ಅರ್ಧ ನಿಮಿಷ ತಿರುಗಿಸಿ, ಆಮೇಲೆ ತೆರೆಯಿರಿ. 2 ಮೈಕ್ರೋಗ್ರಾಂ ಪ್ರೋಟೀನ್ ಕಣ್ಣಿಗೆ ಕಾಣುವುದಿಲ್ಲ. ವಯಲ್ ಖಾಲಿ ಎಂದು ತೋರುತ್ತದೆ. ಮುಚ್ಚಳದ ಒಳಗೆ ಹಾರಿ ಕೂತದ್ದನ್ನು ತಳಕ್ಕೆ ಇಳಿಸುವುದಕ್ಕೇ ಆ ಅರ್ಧ ನಿಮಿಷ.

ಕರಗಿಸುವ ದ್ರಾವಣದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೇರೆ ಗ್ರೋತ್ ಫ್ಯಾಕ್ಟರುಗಳನ್ನು, ಉದಾಹರಣೆಗೆ ಇಜಿಎಫ್‌ನ್ನು, ಪಿಬಿಎಸ್‌ನಲ್ಲಿ ಕರಗಿಸಿ ಅಭ್ಯಾಸವಾದವರು ಇದಕ್ಕೂ ಪಿಬಿಎಸ್, ಅಂದರೆ ಪಿಎಚ್ 7ರ ಆಸುಪಾಸಿನ ಉಪ್ಪಿನ ಬಫರ್, ಹಾಕುತ್ತಾರೆ. ಅಲ್ಲೇ ಎಡವುವುದು. ಟಿಜಿಎಫ್-ಬೀಟಾ 1ರ ಹೊರಮೈಯಲ್ಲಿ ನೀರನ್ನು ಒಲ್ಲದ ಭಾಗಗಳು ಬಹಳ. ಪಿಎಚ್ 7ರ ಸುತ್ತಮುತ್ತ ಅದು ಸರಿಯಾಗಿ ಕರಗುವುದಿಲ್ಲ, ಸಿಕ್ಕಿದ ಗಾಜು, ಪ್ಲಾಸ್ಟಿಕ್ಕಿಗೆಲ್ಲ ಅಂಟುತ್ತದೆ. ಆಮ್ಲದಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೇ ಹೆಚ್ಚಿನ ಡೇಟಾಶೀಟ್‌ಗಳು 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹೇಳುತ್ತವೆ. ಕೆಲವು ಕಂಪೆನಿಗಳು 10 ಮಿಲಿಮೋಲಾರ್ ಸಿಟ್ರಿಕ್ ಆಮ್ಲ, ಪಿಎಚ್ 3 ಎನ್ನುತ್ತವೆ. ನಿಮ್ಮ ವಯಲ್ ಜೊತೆ ಬಂದ ಹಾಳೆ ಏನು ಹೇಳುತ್ತದೋ ಅದನ್ನೇ ಮಾಡಿ. ಪಕ್ಕದ ಲ್ಯಾಬಿನ ಪ್ರೋಟೋಕಾಲ್ ಬೇರೆ ಕಂಪೆನಿಯದ್ದಾಗಿರಬಹುದು.

ಆಮ್ಲದ ಜೊತೆ ಎಂಎಲ್‌ಗೆ 1 ಮಿಲಿಗ್ರಾಂ ಬಿಎಸ್‌ಎ, ಅಂದರೆ ದನದ ಸೀರಮ್ ಆಲ್ಬುಮಿನ್ ಬೇಕು. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುವುದಿಲ್ಲವೇ, ಮೇಣ ಹಿಡಿಯದಿರಲಿ ಎಂದು? ಬಿಎಸ್‌ಎ ಮಾಡುವುದು ಆ ಕೆಲಸ. ಟ್ಯೂಬಿನ ಗೋಡೆಯ ಅಂಟುವ ಜಾಗಗಳನ್ನೆಲ್ಲ ಅದು ಮೊದಲೇ ತುಂಬಿಬಿಡುತ್ತದೆ. 20 ಮೈಕ್ರೋಗ್ರಾಂ ಟಿಜಿಎಫ್-ಬೀಟಾಕ್ಕೆ 1000 ಮೈಕ್ರೋಗ್ರಾಂ ಆಲ್ಬುಮಿನ್, ಒಂದಕ್ಕೆ ಐವತ್ತರ ಲೆಕ್ಕ. ಇಷ್ಟು ಕಾವಲು ಇದ್ದರೆ ನಮ್ಮ ಅಮೂಲ್ಯ ಪ್ರೋಟೀನಿಗೆ ಗೋಡೆಯಲ್ಲಿ ಜಾಗ ಸಿಗುವುದು ಕಡಿಮೆ.

ದ್ರಾವಣ ಮಾಡುವುದು ಹೀಗೆ. ಬಾಟಲಿಯಲ್ಲಿ ಬರುವ 37 ಶೇಕಡಾದ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್. ಫ್ಯೂಮ್ ಹುಡ್‌ನಲ್ಲಿ, 80 ಎಂಎಲ್ ನೀರಿಗೆ 8.3 ಎಂಎಲ್ ಆಮ್ಲ ನಿಧಾನವಾಗಿ ಸೇರಿಸಿ 100ಕ್ಕೆ ತುಂಬಿಸಿದರೆ 1 ಮೋಲಾರ್. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಅದರಿಂದ 0.4 ಎಂಎಲ್ ತೆಗೆದು 100 ಎಂಎಲ್ ಮಾಡಿದರೆ 4 ಮಿಲಿಮೋಲಾರ್. ಪಿಎಚ್ ಸುಮಾರು 2.4 ಬರಬೇಕು. ಇದರ 10 ಎಂಎಲ್‌ನಲ್ಲಿ 10 ಮಿಲಿಗ್ರಾಂ ಬಿಎಸ್‌ಎ ಕರಗಿಸಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಸೋಸುವುದು ಈ ಹಂತದಲ್ಲಿ ಮಾತ್ರ. ಟಿಜಿಎಫ್-ಬೀಟಾ ಸೇರಿಸಿದ ಮೇಲೆ ಸೋಸಿದರೆ ಫಿಲ್ಟರಿನ ಪೊರೆಯೇ ಅದನ್ನು ಹೀರಿಕೊಳ್ಳುತ್ತದೆ. ಸ್ಟೆರೈಲ್ ಆಗಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಎಷ್ಟೋ ವಯಲ್‌ಗಳು ಹೀಗೆ ವ್ಯರ್ಥವಾಗುತ್ತವೆ.

2 ಮೈಕ್ರೋಗ್ರಾಂ ವಯಲ್‌ಗೆ ಈ ದ್ರಾವಣ 100 ಮೈಕ್ರೋಲೀಟರ್. ಎಂಎಲ್‌ಗೆ 20 ಮೈಕ್ರೋಗ್ರಾಂ ಸ್ಟಾಕ್ ಸಿದ್ಧ. ಗೋಡೆಯ ಸುತ್ತ ಇಳಿಯುವಂತೆ ಹಾಕಿ, ಮುಚ್ಚಿ, ಕೋಣೆಯ ತಾಪಮಾನದಲ್ಲಿ ಹತ್ತು ಹದಿನೈದು ನಿಮಿಷ ಇಡಿ, ನಡುನಡುವೆ ಮೆಲ್ಲಗೆ ಓರೆ ಮಾಡಿ ತಿರುಗಿಸಿ. ವಾರ್ಟೆಕ್ಸ್ ಬೇಡ. ನೊರೆ ಎದ್ದರೆ ನೊರೆಯ ಮೈಯಲ್ಲೂ ಪ್ರೋಟೀನ್ ಕೂತು ಕೆಡುತ್ತದೆ. ಪಿಪೆಟ್ಟಿನಿಂದ ಹತ್ತು ಸಲ ಮೇಲೆ ಕೆಳಗೆ ಮಾಡುವುದೂ ಬೇಡ.

ಮುಂದಿನದು ಹಂಚುವುದು. ಲೋ-ಬೈಂಡ್ ಪಾಲಿಪ್ರೊಪಿಲೀನ್ ಟ್ಯೂಬುಗಳಲ್ಲಿ ತಲಾ 10 ಮೈಕ್ರೋಲೀಟರ್. ಒಂದೊಂದರಲ್ಲಿ 200 ನ್ಯಾನೋಗ್ರಾಂ. ಗಾಜು ಬೇಡ, ಪಾಲಿಸ್ಟೈರೀನ್ ಬೇಡ. ಮೊದಲ ಟ್ಯೂಬಿಗೆ ಹಾಕುವ ಮೊದಲು ಟಿಪ್ಪನ್ನು ಖಾಲಿ ಬಿಎಸ್‌ಎ ದ್ರಾವಣದಲ್ಲಿ ಎರಡು ಸಲ ಎಳೆದು ಬಿಟ್ಟರೆ ಟಿಪ್ಪಿನ ಒಳಮೈಗೂ ರಕ್ಷಣೆ ಸಿಗುತ್ತದೆ. ಮೈನಸ್ 80ರಲ್ಲಿ ಮೂರು ತಿಂಗಳು ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಒಂದು ಟ್ಯೂಬ್ ಒಂದೇ ಪ್ರಯೋಗಕ್ಕೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ, ಮಿಕ್ಕಿದ್ದು ಎಷ್ಟೇ ದುಬಾರಿ ಅನ್ನಿಸಿದರೂ. ಮನೆಯ ಫ್ರಿಜ್‌ನಂತೆ ತಾನಾಗಿ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಆದರೆ ಅದು ದಿನವೂ ಒಳಗಿನ ತಾಪಮಾನವನ್ನು ಏರಿಸಿ ಇಳಿಸುತ್ತದೆ. ನೀವು ಮುಟ್ಟದಿದ್ದರೂ ಪ್ರೋಟೀನ್ ಕರಗಿ ಹೆಪ್ಪುಗಟ್ಟುತ್ತಿರುತ್ತದೆ. ಅಂಥದ್ದರಲ್ಲಿ ಇಡಬೇಡಿ.

ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ದಿನಗಳು ನಮ್ಮಲ್ಲಿ ಹೊಸತಲ್ಲ. ಜನರೇಟರ್ ಎಲ್ಲ ಫ್ರೀಜರುಗಳಿಗೂ ಸಂಪರ್ಕವಿದೆಯೇ ಎಂದು ಜೂನ್‌ಗೆ ಮೊದಲೇ ಕೇಳಿಕೊಳ್ಳಿ. ಟ್ಯೂಬುಗಳನ್ನು ಥರ್ಮೋಕೋಲ್ ಡಬ್ಬಿಯೊಳಗೆ, ಹೆಪ್ಪುಗಟ್ಟಿದ ನೀರಿನ ಬಾಟಲಿಗಳ ನಡುವೆ ಇಟ್ಟರೆ ಕೆಲವು ಗಂಟೆ ಹೆಚ್ಚು ತಾಳುತ್ತವೆ. ಪಕ್ಕದಲ್ಲೇ ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮಂಜಿನೊಳಗೆ ಹುದುಗಿದ್ದು ಕಂಡರೆ ನೀವಿಲ್ಲದಾಗ ಎಲ್ಲವೂ ಕರಗಿತ್ತು ಎಂದು ಅರ್ಥ. ಆ ಟ್ಯೂಬುಗಳನ್ನು ಮುಖ್ಯ ಪ್ರಯೋಗಕ್ಕೆ ಬಳಸಬೇಡಿ.

ಪ್ರಯೋಗದ ದಿನದ ಲೆಕ್ಕ. ಆರು ವೆಲ್‌ನ ಪ್ಲೇಟಿನಲ್ಲಿ ಒಂದು ವೆಲ್‌ಗೆ 2 ಎಂಎಲ್ ಮೀಡಿಯಮ್, ಬೇಕಾದದ್ದು ಎಂಎಲ್‌ಗೆ 5 ನ್ಯಾನೋಗ್ರಾಂ, ಒಟ್ಟು 10 ನ್ಯಾನೋಗ್ರಾಂ. ಸ್ಟಾಕ್‌ನಿಂದ ನೇರವಾಗಿ ಹಾಕುವುದಾದರೆ 0.5 ಮೈಕ್ರೋಲೀಟರ್. ಅಷ್ಟು ಸಣ್ಣ ಹನಿಯನ್ನು ಯಾವ ಪಿಪೆಟ್ಟೂ ನಂಬಿಕೆಯಿಂದ ಅಳೆಯುವುದಿಲ್ಲ. ಹಾಗಾಗಿ ನಡುವೆ ಒಂದು ಹಂತ ಬೇಕು: 10 ಮೈಕ್ರೋಲೀಟರ್ ಇರುವ ಟ್ಯೂಬಿಗೆ, ಎಂಎಲ್‌ಗೆ 1 ಮಿಲಿಗ್ರಾಂ ಬಿಎಸ್‌ಎ ಇರುವ ಪಿಬಿಎಸ್ 190 ಮೈಕ್ರೋಲೀಟರ್ ಸೇರಿಸಿ. ಎಂಎಲ್‌ಗೆ 1 ಮೈಕ್ರೋಗ್ರಾಂ ಆಯಿತು. ಇದರ 10 ಮೈಕ್ರೋಲೀಟರ್ 2 ಎಂಎಲ್‌ಗೆ ಹೋದರೆ ಸರಿಯಾಗಿ 5 ನ್ಯಾನೋಗ್ರಾಂ. ಇಪ್ಪತ್ತು ವೆಲ್‌ಗಳಿಗೆ ಸಾಕು. ಈ ನಡುವಿನ ದ್ರಾವಣವನ್ನು ಕೂಡಲೇ ಬಳಸಿ ಮುಗಿಸಿ, ಎತ್ತಿಡಬೇಡಿ. ಪ್ರತಿ ವೆಲ್‌ಗೆ ಬೇರೆ ಬೇರೆ ಹನಿ ಬಿಡುವುದಕ್ಕಿಂತ, ಎಲ್ಲ ವೆಲ್‌ಗಳಿಗೆ ಬೇಕಾದ ಮೀಡಿಯಮ್‌ನ್ನು ಒಂದು ಟ್ಯೂಬಿನಲ್ಲಿ ತೆಗೆದುಕೊಂಡು ಅದರಲ್ಲಿ ಬೆರೆಸಿ ಆಮೇಲೆ ಹಂಚಿದರೆ ವೆಲ್‌ನಿಂದ ವೆಲ್‌ಗೆ ವ್ಯತ್ಯಾಸ ಕಡಿಮೆ.

ಕಂಟ್ರೋಲ್ ವೆಲ್‌ಗೆ ಬರೀ ಮೀಡಿಯಮ್ ಸಾಲದು. ಟಿಜಿಎಫ್-ಬೀಟಾ ಇಲ್ಲದ ಅದೇ ಆಮ್ಲ, ಅದೇ ಬಿಎಸ್‌ಎ, ಅದೇ ಎರಡು ಹಂತದ ದುರ್ಬಲಗೊಳಿಸುವಿಕೆಯಲ್ಲಿ ಹೋಗಬೇಕು. ಒಟ್ಟು 4000 ಪಟ್ಟು ತೆಳುವಾಗುವುದರಿಂದ ಆಮ್ಲ ಉಳಿಯುವುದು 1 ಮೈಕ್ರೋಮೋಲಾರ್ ಮಾತ್ರ, ಪಿಎಚ್ ಅಲುಗುವುದಿಲ್ಲ. ಆದರೂ ವಿಮರ್ಶಕರು ಕೇಳುತ್ತಾರೆ, ಕೇಳುವುದೂ ಸರಿ.

ಎಲ್ಲ ಪೇಪರುಗಳೂ ಎಂಎಲ್‌ಗೆ ಇಷ್ಟು ನ್ಯಾನೋಗ್ರಾಂ ಎಂದೇ ಬರೆಯುತ್ತವೆ. ಜೀವಕೋಶಕ್ಕೆ ಮುಖ್ಯ ತನಗೆ ಎಷ್ಟು ಅಣು ಸಿಕ್ಕಿತು ಎಂಬುದು. 5 ನ್ಯಾನೋಗ್ರಾಂ ಎಂದರೆ 200 ಪಿಕೋಮೋಲಾರ್. 2 ಎಂಎಲ್‌ನಲ್ಲಿ 2 ಲಕ್ಷ ಜೀವಕೋಶ ಇದ್ದರೆ ತಲೆಗೆ ಸುಮಾರು 12 ಲಕ್ಷ ಅಣು. ಅದೇ 5 ನ್ಯಾನೋಗ್ರಾಂನ್ನು 24 ವೆಲ್‌ನ ಪ್ಲೇಟಿಗೆ ಒಯ್ದು, ಅರ್ಧ ಎಂಎಲ್‌ಗೆ 1 ಲಕ್ಷ ಜೀವಕೋಶ ಹಾಕಿದರೆ ತಲೆಗೆ 6 ಲಕ್ಷ. ಕಾಗದದ ಮೇಲೆ ಡೋಸ್ ಬದಲಾಗಿಲ್ಲ, ನಿಜದಲ್ಲಿ ಅರ್ಧವಾಗಿದೆ. ಜೀವಕೋಶಗಳು ರಿಸೆಪ್ಟರಿಗೆ ಕೂತ ಟಿಜಿಎಫ್-ಬೀಟಾವನ್ನು ಒಳಗೆಳೆದು ಜೀರ್ಣಿಸಿಕೊಳ್ಳುವುದರಿಂದ ದಿನ ಕಳೆದಂತೆ ಮೀಡಿಯಮ್‌ನಲ್ಲಿ ಅದು ಕಡಿಮೆಯಾಗುತ್ತಲೇ ಹೋಗುತ್ತದೆ. ಮೂರು ದಿನದ ಪ್ರಯೋಗವಾದರೆ 48 ಗಂಟೆಗೆ ಹೊಸ ಮೀಡಿಯಮ್, ಹೊಸ ಪ್ರೋಟೀನ್ ಹಾಕಬೇಕು.

ಜೀವಕೋಶ ಬೆಳೆಸಲು ಮೀಡಿಯಮ್‌ಗೆ ಸೇರಿಸುವ ಸೀರಮ್ ಇನ್ನೊಂದು ಕಳ್ಳದಾರಿ. ದನದ ಕರುವಿನ ಸೀರಮ್‌ನಲ್ಲಿ ಲೇಟೆಂಟ್ ಟಿಜಿಎಫ್-ಬೀಟಾ ಧಾರಾಳ ಇದೆ, ಅದೂ ಮನುಷ್ಯನದ್ದೇ ಸರಣಿಯದ್ದು. ಆಂಟಿಬಾಡಿಯಿಂದ ಪ್ರೋಟೀನ್ ಅಳೆಯುವ ಎಲೈಸಾ ಮಾಡಿದರೆ ಯಾವುದು ಜೀವಕೋಶ ಸುರಿಸಿದ್ದು, ಯಾವುದು ಸೀರಮ್‌ನದ್ದು ಎಂದು ಆಂಟಿಬಾಡಿಗೆ ತಿಳಿಯುವುದಿಲ್ಲ. ಇನ್ನೊಂದು ಕಡೆ, ಸೀರಮ್‌ನ ಆಲ್ಫಾ 2 ಮ್ಯಾಕ್ರೋಗ್ಲೋಬ್ಯುಲಿನ್ ನೀವು ಹಾಕಿದ ಸಕ್ರಿಯ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 10 ಶೇಕಡಾ ಸೀರಮ್‌ನಲ್ಲಿ ಪ್ರಯೋಗ ಮಾಡಬೇಡಿ. ಹಿಂದಿನ ಸಂಜೆಯೇ 0.5 ಶೇಕಡಾಕ್ಕೆ ಇಳಿಸಿ, 16ರಿಂದ 24 ಗಂಟೆ ಬಿಟ್ಟು, ಅದೇ 0.5 ಶೇಕಡಾದಲ್ಲಿ ಟಿಜಿಎಫ್-ಬೀಟಾ ಹಾಕಿ. ಪೂರ್ತಿ ಸೀರಮ್ ತೆಗೆದರೆ ಮೂರು ದಿನದಲ್ಲಿ ಕೆಲವು ಸೆಲ್ ಲೈನ್‌ಗಳು ಹಸಿವಿನಿಂದಲೇ ಸಾಯುತ್ತವೆ, ಅದನ್ನು ಟಿಜಿಎಫ್-ಬೀಟಾದ ಪರಿಣಾಮವೆಂದು ಓದಿಬಿಡುವ ಅಪಾಯ ಇದೆ.

ಪ್ರೋಟೀನ್ ಬದುಕಿದೆಯೇ ಎಂದು ಮುಖ್ಯ ಪ್ರಯೋಗಕ್ಕೆ ಮೊದಲೇ ಪರೀಕ್ಷಿಸಿ. ಕಂಪೆನಿಗಳು ಇಲಿಯ ಎಚ್‌ಟಿ-2 ಜೀವಕೋಶಗಳ ಬೆಳವಣಿಗೆಯನ್ನು ಎಷ್ಟು ತಡೆಯುತ್ತದೆ ಎಂದು ನೋಡಿ ಚಟುವಟಿಕೆ ನಮೂದಿಸುತ್ತವೆ. ಮಿಂಕ್ ಎಂಬ ಪ್ರಾಣಿಯ ಶ್ವಾಸಕೋಶದ ಜೀವಕೋಶಗಳನ್ನು ಬಳಸುವುದೂ ಹಳೆಯ, ಒಳ್ಳೆಯ ಕ್ರಮ. ನಮ್ಮ ಲ್ಯಾಬ್‌ಗಳಿಗೆ ಸುಲಭದ್ದು ಎ549, ಮನುಷ್ಯರ ಶ್ವಾಸಕೋಶದ ಕ್ಯಾನ್ಸರಿನಿಂದ ಬಂದ ಸೆಲ್ ಲೈನ್, ಪುಣೆಯ ಎನ್‌ಸಿಸಿಎಸ್‌ನಿಂದ ತರಿಸಿಕೊಳ್ಳಬಹುದು. 0, 0.1, 0.5, 1, 2, 5, 10 ನ್ಯಾನೋಗ್ರಾಂ ಹೀಗೆ ಸಾಲಾಗಿ ಹಾಕಿ, 45 ನಿಮಿಷ ಬಿಟ್ಟು, ಮಂಜಿನಷ್ಟು ತಣ್ಣಗಿನ ಪಿಬಿಎಸ್‌ನಲ್ಲಿ ತೊಳೆದು ಲೈಸ್ ಮಾಡಿ, ಅಂದರೆ ಜೀವಕೋಶಗಳನ್ನು ಒಡೆಯಿರಿ. ಹುಡುಕಬೇಕಾದದ್ದು ರಿಸೆಪ್ಟರಿನ ಸಂದೇಶವನ್ನು ಒಳಗೆ ಒಯ್ಯುವ ಸ್ಮ್ಯಾಡ್2 ಎಂಬ ಪ್ರೋಟೀನನ್ನು. ಟಿಜಿಎಫ್-ಬೀಟಾ ತಲುಪಿದರೆ ಅದಕ್ಕೆ ಫಾಸ್ಫೇಟ್ ಗುಂಪು ಸೇರುತ್ತದೆ, ಆಗ ಅದು ಫಾಸ್ಫೋ-ಸ್ಮ್ಯಾಡ್2. ಲೈಸಿಸ್ ಬಫರಿನಲ್ಲಿ 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್ ಇರಲೇಬೇಕು. ಇಲ್ಲವಾದರೆ ಫಾಸ್ಫೇಟ್ ಗುಂಪುಗಳು ನೋಡನೋಡುತ್ತ ಕಳಚಿಹೋಗುತ್ತವೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೋ-ಸ್ಮ್ಯಾಡ್2 60 ಕಿಲೋಡಾಲ್ಟನ್ ಹತ್ತಿರ ಬರುತ್ತದೆ. ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ, 5 ಶೇಕಡಾ ಬಿಎಸ್‌ಎ ಬಳಸಿ. ಹಾಲಿನ ಕೇಸೀನ್ ಸ್ವತಃ ಫಾಸ್ಫೋಪ್ರೋಟೀನ್, ಪಟ್ಟಿಯ ಹಿಂದೆ ಮಬ್ಬು ಎಬ್ಬಿಸುತ್ತದೆ. ಅದೇ ಪೊರೆಯಲ್ಲಿ ಒಟ್ಟು ಸ್ಮ್ಯಾಡ್2 ಕೂಡ ನೋಡಿ.

ಪಟ್ಟಿ 0.5ರಲ್ಲೇ ಕಾಣಿಸಿಕೊಂಡು 2ರಿಂದ 5ರೊಳಗೆ ತುಂಬಿ ನಿಂತರೆ ಪ್ರೋಟೀನ್ ಚೆನ್ನಾಗಿದೆ. 10ರಲ್ಲಿ ಮಾತ್ರ ಮಸುಕಾಗಿ ಕಂಡರೆ ಹೆಚ್ಚಿನದ್ದು ದಾರಿಯಲ್ಲೇ ಹೋಗಿದೆ ಎಂದು ತಿಳಿಯಿರಿ. ಡೋಸ್ ಏರಿಸಿ ಮುಂದುವರಿಯಬೇಡಿ, ಹೊಸ ವಯಲ್ ಕರಗಿಸಿ. ಫಾಸ್ಫೋ ಆಂಟಿಬಾಡಿ ಇಲ್ಲದವರು ನಾಲ್ಕು ಗಂಟೆ ಬಿಟ್ಟು ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್‌ನಲ್ಲಿ ಟಿಜಿಎಫ್-ಬೀಟಾ ಎಬ್ಬಿಸುವ ಸ್ಮ್ಯಾಡ್7, ಪಿಎಐ-1 ಜೀನ್‌ಗಳನ್ನು ನೋಡಬಹುದು. ಪ್ರೈಮರಿನ ಖರ್ಚು ಅಷ್ಟೆ.

ಸಿಗ್ನಲ್ ಬರದಿದ್ದರೆ ಸೆಲ್ ಲೈನಿನ ಹುಟ್ಟುಗುಣವನ್ನೂ ನೋಡಬೇಕು. ಕರುಳಿನ ಕ್ಯಾನ್ಸರಿನ ಎಚ್‌ಸಿಟಿ116ರಲ್ಲಿ ಟಿಜಿಎಫ್-ಬೀಟಾದ ಎರಡನೇ ರಿಸೆಪ್ಟರೇ ಮ್ಯುಟೇಷನ್‌ನಿಂದ ಕೆಟ್ಟಿದೆ. ಮೇದೋಜೀರಕ ಗ್ರಂಥಿಯ ಬಿಎಕ್ಸ್‌ಪಿಸಿ-3, ಸ್ತನದ ಎಂಡಿಎ-ಎಂಬಿ-468 ಇವುಗಳಲ್ಲಿ ಸ್ಮ್ಯಾಡ್2ರ ಜೊತೆಗಾರ ಸ್ಮ್ಯಾಡ್4ರ ಜೀನ್ ಅಳಿದೇಹೋಗಿದೆ. ಸ್ಮ್ಯಾಡ್2ಕ್ಕೆ ಫಾಸ್ಫೇಟ್ ಸೇರಬಹುದು, ಆದರೆ ಮುಂದಿನ ಸ್ಮ್ಯಾಡ್4 ಬೇಡುವ ಜೀನ್‌ಗಳು ಎದ್ದೇಳುವುದಿಲ್ಲ. ಗೆಡ್ಡೆಗಳಿಗೆ ಈ ದಾರಿಯನ್ನು ಮುಚ್ಚಿಕೊಳ್ಳುವುದರಲ್ಲಿ ಲಾಭ ಇದೆ: ಆರಂಭದ ಹಂತದಲ್ಲಿ ಟಿಜಿಎಫ್-ಬೀಟಾ ಜೀವಕೋಶ ವಿಭಜನೆಗೆ ತಡೆ ಹಾಕುತ್ತದೆ. ಆ ತಡೆಯನ್ನು ದಾಟಿದ ಗೆಡ್ಡೆಗಳಲ್ಲಿ ಅದೇ ಪ್ರೋಟೀನ್ ಹರಡುವಿಕೆಗೆ ನೆರವಾಗುತ್ತದೆ. ಈ ಎರಡು ಮುಖವೇ ಇದರ ಮೇಲಿನ ಸಂಶೋಧನೆಯನ್ನು ಇಷ್ಟು ಮುಖ್ಯವಾಗಿಸಿದೆ, ಇಷ್ಟು ಕಷ್ಟವೂ ಆಗಿಸಿದೆ.

ಹರಡುವಿಕೆಗೆ ಸಂಬಂಧಿಸಿದ ಇಎಂಟಿ ಪ್ರಯೋಗ, ಅಂದರೆ ಒಂದಕ್ಕೊಂದು ಅಂಟಿ ಕೂತ ಎಪಿಥೀಲಿಯಲ್ ಜೀವಕೋಶಗಳು ಬಿಡಿಬಿಡಿಯಾಗಿ ಉದ್ದಕ್ಕೆ ಚಾಚಿಕೊಳ್ಳುವ ಬದಲಾವಣೆ, ಎ549ರಲ್ಲಿ 5 ನ್ಯಾನೋಗ್ರಾಂಗೆ 48ರಿಂದ 72 ಗಂಟೆಯಲ್ಲಿ ಕಾಣುತ್ತದೆ. ಆರು ವೆಲ್‌ನ ಪ್ಲೇಟಿಗೆ ಒಂದರಿಂದ ಒಂದೂವರೆ ಲಕ್ಷ ಜೀವಕೋಶ ಹಾಕಿ. ಪ್ರೋಟೀನ್ ಹಾಕುವಾಗ ತಳ 30ರಿಂದ 40 ಶೇಕಡಾ ಮಾತ್ರ ತುಂಬಿರಬೇಕು. ಒತ್ತೊತ್ತಾಗಿ ಬೆಳೆದ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ, ಬಿಡುವುದಿಲ್ಲ. ಇ-ಕ್ಯಾಡ್‌ಹೆರಿನ್ (ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನ್) ಇಳಿಯಬೇಕು, ಬಿಡಿಯಾದ ಜೀವಕೋಶಗಳ ಗುರುತಾದ ಎನ್-ಕ್ಯಾಡ್‌ಹೆರಿನ್, ವೈಮೆಂಟಿನ್ ಏರಬೇಕು. ಎ549ರಲ್ಲಿ ವೈಮೆಂಟಿನ್ ಮೊದಲೇ ಸ್ವಲ್ಪ ಇರುವುದರಿಂದ ಅದೊಂದನ್ನೇ ನಂಬಬಾರದು. ಜೊತೆಗೆ ಒಂದು ವೆಲ್‌ಗೆ ಎಸ್‌ಬಿ431542 ಎಂಬ ರಿಸೆಪ್ಟರ್ ತಡೆಯನ್ನು 10 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಒಂದು ಗಂಟೆ ಮೊದಲು ಹಾಕಿ, ಅದನ್ನು ಕರಗಿಸಿದ ದ್ರಾವಕ ಡಿಎಂಎಸ್‌ಒ 0.1 ಶೇಕಡಾ ಮೀರದಿರಲಿ. ಆ ವೆಲ್‌ನಲ್ಲೂ ಬದಲಾವಣೆ ಕಂಡರೆ ಅದಕ್ಕೆ ಕಾರಣ ಟಿಜಿಎಫ್-ಬೀಟಾ ಅಲ್ಲ, ಬೇರೇನೋ.

ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ವಿಷ, ಎಂಡೋಟಾಕ್ಸಿನ್ ಬಗ್ಗೆ ಒಂದು ಮಾತು. ಒಳ್ಳೆಯ ಸರಕಿನಲ್ಲಿ ಮೈಕ್ರೋಗ್ರಾಂಗೆ 0.1 ಯೂನಿಟ್‌ಗಿಂತ ಕಡಿಮೆ ಎಂದು ಬರೆದಿರುತ್ತದೆ. 5 ನ್ಯಾನೋಗ್ರಾಂಗೆ ಅದು ಲೆಕ್ಕಕ್ಕಿಲ್ಲ. ಮ್ಯಾಕ್ರೋಫೇಜ್ ಜೊತೆ ಕೆಲಸ ಮಾಡುವವರು ನಿಜವಾಗಿ ಅನುಮಾನಿಸಬೇಕಾದದ್ದು ತಾವು ಬಳಸಿದ ನೀರನ್ನು, ಬಿಎಸ್‌ಎ ಡಬ್ಬಿಯನ್ನು.

ನಮ್ಮ ಜಿಲ್ಲೆಗಳಲ್ಲಿ ಈ ಪ್ರೋಟೀನಿಗೆ ಇನ್ನೊಂದು ಕೆಲಸ ಇದೆ. ಅಡಿಕೆ ಬೆಳೆಯುವ, ಎಲೆಯಡಿಕೆ ಹಾಕುವ ಊರು ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ತೋಟವನ್ನೇ ನಂಬಿರುವ ಮನೆಗಳಿಗೆ ಇದು ಕಷ್ಟದ ಮಾತು. ಹಾಗಾಗಿಯೇ ಪ್ರಯೋಗಗಳು ಇಲ್ಲಿ ಇನ್ನಷ್ಟು ಶುದ್ಧವಾಗಿ ನಡೆಯಬೇಕು. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರಿಗೆ ತಿರುಗಬಲ್ಲದ್ದು. ಆ ನಾರುಗಟ್ಟುವಿಕೆಯಲ್ಲಿ ಟಿಜಿಎಫ್-ಬೀಟಾದ ದಾರಿ ಮುಖ್ಯ ಪಾತ್ರ ವಹಿಸುತ್ತದೆ.

ಕೆನ್ನೆಯ ಒಳಭಾಗದ ಫೈಬ್ರೋಬ್ಲಾಸ್ಟ್ ಜೀವಕೋಶಗಳ ಮೇಲೆ ಕೆಲಸ ಮಾಡುವವರು ಎಥಿಕ್ಸ್ ಸಮಿತಿಯ ಅನುಮತಿ ಪಡೆದ ಮಾದರಿಗಳನ್ನೇ ಬಳಸಿ, ಎಂಟನೇ ಪ್ಯಾಸೇಜ್ (ಹೊಸ ಪ್ಲೇಟಿಗೆ ಬಿಡಿಸಿ ಹಾಕುವ ಸರದಿ) ದಾಟಿಸಬೇಡಿ. ಗಟ್ಟಿ ಪ್ಲಾಸ್ಟಿಕ್ ತಳವೇ ಇವನ್ನು ನಿಧಾನವಾಗಿ ಕೆರಳಿಸುತ್ತದೆ, ಪ್ಯಾಸೇಜ್ ಹೆಚ್ಚಿದಂತೆ ಆಲ್ಫಾ-ಎಸ್‌ಎಂಎ, ಅಂದರೆ ನಾರುಗಟ್ಟಿಸುವ ಜೀವಕೋಶದ ಗುರುತಾದ ಪ್ರೋಟೀನ್, ತಾನಾಗಿ ಏರುತ್ತದೆ. ಆಗ ಕಂಟ್ರೋಲ್ ಮತ್ತು ಟಿಜಿಎಫ್-ಬೀಟಾದ ನಡುವೆ ಅಂತರವೇ ಉಳಿಯುವುದಿಲ್ಲ. 5ರಿಂದ 10 ನ್ಯಾನೋಗ್ರಾಂ, 72 ಗಂಟೆ, 42 ಕಿಲೋಡಾಲ್ಟನ್‌ನಲ್ಲಿ ಆಲ್ಫಾ-ಎಸ್‌ಎಂಎ. ಕೊಲಾಜನ್ ಅಳೆಯುವುದಾದರೆ ಮೀಡಿಯಮ್‌ಗೆ ಎಂಎಲ್‌ಗೆ 50 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಮ್ಲ ದಿನವೂ ಹೊಸದಾಗಿ ಸೇರಿಸಬೇಕು. ವಿಟಮಿನ್ ಸಿ ಇಲ್ಲದೆ ಪ್ರೋಲೀನ್‌ಗೆ ಹೈಡ್ರಾಕ್ಸಿಲ್ ಸೇರುವುದಿಲ್ಲ, ಕೊಲಾಜನ್ ಹುರಿಗಟ್ಟುವುದಿಲ್ಲ, ನೀವು ಟಿಜಿಎಫ್-ಬೀಟಾವನ್ನು ಬೈಯುತ್ತೀರಿ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವವರು ಮೊದಲು ಎಂಟಿಟಿ ಎಂಬ ಬದುಕಿರುವ ಜೀವಕೋಶಗಳ ಪರೀಕ್ಷೆ ಮಾಡಿ ಜೀವಕೋಶ ಸಾಯದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಿ. ಆಮೇಲೆ ನಾಲ್ಕು ವೆಲ್: ಖಾಲಿ ವಾಹಕ, ಟಿಜಿಎಫ್-ಬೀಟಾ, ಅರೆಕೋಲಿನ್, ಅರೆಕೋಲಿನ್ ಜೊತೆ ಎಸ್‌ಬಿ431542. ನಾಲ್ಕೂ ವೆಲ್‌ಗಳಲ್ಲಿ ಡಿಎಂಎಸ್‌ಒ ಸಮ ಇರಲಿ. ಕೊನೆಯ ವೆಲ್‌ನಲ್ಲಿ ಆಲ್ಫಾ-ಎಸ್‌ಎಂಎ ಇಳಿದರೆ ಅರೆಕೋಲಿನ್ ಈ ರಿಸೆಪ್ಟರಿನ ಮೂಲಕ ಕೆಲಸ ಮಾಡುತ್ತಿದೆ ಎನ್ನಲು ಆಧಾರ ಸಿಗುತ್ತದೆ. ಇಳಿಯದಿದ್ದರೆ ದಾರಿ ಬೇರೆ ಇದೆ. ಎರಡನೇ ವೆಲ್‌ನಲ್ಲಿ ಪಟ್ಟಿ ಏಳದೇ ಹೋದರೆ ಮೂರನೆಯದನ್ನೂ ನಾಲ್ಕನೆಯದನ್ನೂ ಓದಲು ಹೋಗಬೇಡಿ, ಹೊಸ ವಯಲ್ ಕರಗಿಸಿ ಮತ್ತೆ ಶುರುಮಾಡಿ.